ತೋಳ ಬೇಕು ಅನ್ನೋರು ಒಂದು ಕಡೆ, ರಾತ್ರಿ ಎಚ್ಚರ ಇರೋರು ಇನ್ನೊಂದು ಕಡೆ

ಹಟ್ಟಿಹುಡುಗ, ಕುಷ್ಟಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ನಮ್ಮ ಸೋದರಮಾವನ ಕುರಿ ಹಿಂಡಿಗೆ ತೋಳ ಬಿದ್ದವು. ಮೂರು ಮರಿ ಕಚ್ಚಿಕೊಂಡು ಹೋದವು. ಒಂದು ಗಬ್ಬದ ಕುರಿಯ ಗಂಟಲು ಹರಿದು ಅಲ್ಲೇ ಬಿಟ್ಟಿದ್ದವು. ನಾನು ಕೊಪ್ಪಳದಲ್ಲಿ ಪಾಠ ಹೇಳುವವನು, ಬೆಳಿಗ್ಗೆ ಫೋನ್ ಬಂದ ಕೂಡಲೇ ಬೈಕ್ ಹತ್ತಿ ಹೋದೆ. ಮಾವ ಕುರಿ ದಡ್ಡಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಮಾತಿಲ್ಲ. ಅತ್ತೆ ಮಾತ್ರ, 'ಇನ್ನೊಂದು ವಾರಕ್ಕೆ ಈಯುತ್ತಿತ್ತು ನೋಡಪ್ಪಾ' ಅಂದರು.

ಅದೇ ಸಂಜೆ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಅಮೆರಿಕದ ಕೊಲರಾಡೋದಲ್ಲಿ ಪೆಟ್ಟಿಗೆ ಬಾಗಿಲು ತೆಗೆದು ತೋಳ ಬಿಡುವ ವಿಡಿಯೋ. ತೋಳ ಒಂದು ಕ್ಷಣ ನಿಂತು, ಹಿಮದ ಮೇಲೆ ಓಡಿ ಹೋಗುತ್ತದೆ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕೆಳಗೆ ಬೆಂಗಳೂರಲ್ಲಿರುವ ನಾಲ್ಕೈದು ಜನ ಬರೆದಿದ್ದರು: ನಮ್ಮಲ್ಲೂ ತೋಳ ಹೋಗಿರುವ ಕಡೆಗೆಲ್ಲ ತಂದು ಬಿಡಬೇಕು ಅಂತ.

ಆ ರಾತ್ರಿ ಕೂತು ಕೊಲರಾಡೋದ ಕತೆ ಪೂರ್ತಿ ಓದಿದೆ. ಅಲ್ಲಿ 1940ರ ದಶಕದಲ್ಲೇ ತೋಳಗಳನ್ನು ಕೊಂದು ಮುಗಿಸಿದ್ದರು. 2020ರ ನವೆಂಬರ್‌ನಲ್ಲಿ ಇಡೀ ರಾಜ್ಯದ ಜನರನ್ನು ಕೇಳಿದರು, ವಾಪಸ್ ತರೋಣವೇ ಬೇಡವೇ ಅಂತ. ನೂರಕ್ಕೆ 50.9 ಜನ ಬೇಕು ಅಂದರು. ಗೆದ್ದ ಅಂತರ ಸುಮಾರು 57,000 ಮತ. ಡೆನ್ವರ್, ಬೌಲ್ಡರ್ ಥರದ ದೊಡ್ಡ ಊರುಗಳು ಬೇಕು ಅಂದಿದ್ದವು. ಪರ್ವತದ ಪಶ್ಚಿಮಕ್ಕೆ ದನ, ಕುರಿ ಸಾಕುವ ಸೀಮೆಯಲ್ಲಿ ಬಹಳಷ್ಟು ಜನ ಬೇಡ ಅಂದಿದ್ದರು. ಆದರೆ ತೋಳ ಬಿಡಬೇಕಾದ ಜಾಗ ಪಶ್ಚಿಮವೇ ಅಂತ ಮತಕ್ಕೆ ಇಟ್ಟ ಕಾನೂನಿನಲ್ಲೇ ಬರೆದಿತ್ತು. ಬೇಕು ಅಂದವರ ಮನೆ ಇರುವುದು ಪೂರ್ವಕ್ಕೆ. ತೋಳ ಬಂದಿದ್ದು ಬೇಡ ಅಂದವರ ದನಗಳ ನಡುವೆ.

ನನ್ನ ಸಂಕಟ ಇಷ್ಟೇ. ನಾನು ತೋಳದ ವೈರಿ ಅಲ್ಲ. ನಮ್ಮಜ್ಜ 'ಅದರ ಪಾಲು ಅದಕ್ಕೆ' ಅನ್ನುತ್ತಿದ್ದ, ವರ್ಷಕ್ಕೆ ಮೂರು ನಾಲ್ಕು ಕುರಿ ಲೆಕ್ಕದಿಂದ ಬಿಟ್ಟೇಬಿಡುತ್ತಿದ್ದ. ಆದರೆ ಅಜ್ಜನ ಕಾಲದಲ್ಲಿ ಮೇವು ಇತ್ತು, ಹಿಂಡು ದೊಡ್ಡದಿತ್ತು, ಮನೆಯಲ್ಲಿ ಆರು ಜನ ಕಾಯುವವರಿದ್ದರು. ಈಗ ಮಾವ, ಅತ್ತೆ, ಒಬ್ಬ ಸಂಬಳದ ಹುಡುಗ. ಆ ಪಾಲನ್ನು ಈಗ ಯಾರು ಹಾಕಬೇಕು? ಮೊದಲು ಅದನ್ನು ಹೇಳಿ, ಆಮೇಲೆ ತೋಳ ಎಲ್ಲಿ ಬಿಡೋಣ ಅಂತ ಮಾತಾಡೋಣ.

ಗುಲಗಂಜಿ, ಬೆಂಗಳೂರು (ಊರು ಗಂಗಾವತಿ)

ಅಣ್ಣಾ, ಮಾವನವರ ಕುರಿ ಹೋಗಿದ್ದು ಕೇಳಿ ತುಂಬಾ ಬೇಜಾರಾಯಿತು. ಆ ವಿಡಿಯೋಗೆ ಖುಷಿಪಡುವವರಲ್ಲಿ ನಾನೂ ಒಬ್ಬಳು, ಅದನ್ನು ಮುಚ್ಚಿಡಲ್ಲ.

ನನ್ನ ಕಡೆಯದ್ದೂ ಸ್ವಲ್ಪ ಕೇಳಿ. ದೇಶದಲ್ಲಿ ತೋಳ ಉಳಿದಿರುವುದು ಹೆಚ್ಚುಕಡಿಮೆ ಮೂರು ಸಾವಿರ. 2022ರ ಲೆಕ್ಕದಲ್ಲಿ ಹುಲಿ 3,682. ಅಂದರೆ ತೋಳ ಹುಲಿಗಿಂತ ಕಡಿಮೆ ಇದೆ, ಆದರೂ ಹುಲಿಗೆ ಸಿಗುವ ಕಾಳಜಿಯಲ್ಲಿ ಕಾಲು ಭಾಗ ಇದಕ್ಕೆ ಸಿಗಲ್ಲ. ಕಾನೂನಿನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿವೆ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿ. ಆದರೆ ಹುಲಿಗೆ ಕಾಡು ಇದೆ. ತೋಳ ಇರುವುದು ಬಯಲಿನಲ್ಲಿ, ಹುಲ್ಲುಗಾವಲಿನಲ್ಲಿ, ಕುರುಚಲಿನಲ್ಲಿ. ಅದನ್ನು ನಮ್ಮ ದಾಖಲೆಗಳಲ್ಲಿ ಬಂಜರು ಅಂತ ಬರೆದುಬಿಟ್ಟಿದ್ದಾರೆ. ಬಂಜರು ಅಂದಮೇಲೆ ಯಾರು ಬೇಕಾದರೂ ಬೇಲಿ ಹಾಕಬಹುದು.

ಎರಡು ವರ್ಷದ ಹಿಂದೆ ಅಪ್ಪನ ಜೊತೆ ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದ ಹತ್ತಿರ ಹೋಗುತ್ತಿದ್ದಾಗ, ಬೆಳಗಿನ ಜಾವ, ರಸ್ತೆಯಿಂದಲೇ ಒಂದು ತೋಳ ನೋಡಿದೆ. ಬಂಡೆ ಬಣ್ಣಕ್ಕೇ ಇತ್ತು. ಅಪ್ಪ ಕಾರು ನಿಲ್ಲಿಸಿದರು. ಅದು ನಮ್ಮನ್ನು ನೋಡಿತು, ಅವಸರ ಇಲ್ಲದೆ ಗುಡ್ಡ ಹತ್ತಿತು. ನಾನು ಹುಟ್ಟಿ ಬೆಳೆದ ಊರಿನಿಂದ ಅಷ್ಟು ಹತ್ತಿರ ಇಂಥದ್ದೊಂದು ಜೀವ ಇದೆ ಅಂತ ನನಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ. ಅತ್ತುಬಿಟ್ಟೆ. ಅದಕ್ಕೇ ಕೇಳುತ್ತೇನೆ, ನಮ್ಮ ಜಿಲ್ಲೆಗೆ ಅದು ಹೆಮ್ಮೆ ಅಲ್ವಾ?

ಎಡದಂಡೆ, ಕಾರಟಗಿ

ತಂಗಿ, ಕಾರಿನಲ್ಲಿ ಕೂತು ನೋಡಿದರೆ ಹೆಮ್ಮೆ. ಬಯಲಲ್ಲಿ ಮಲಗಿದವರಿಗೆ ಬೇರೆ.

2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಏನಾಯಿತು, ಮರೆತಿರಾ? ಮಳೆಗಾಲದಲ್ಲಿ, ಮನೆ ಅಂಗಳದಲ್ಲಿ ತಾಯಿ ಪಕ್ಕ ಮಲಗಿದ್ದ ಮಕ್ಕಳನ್ನು ಎತ್ತಿಕೊಂಡು ಹೋದವು. ಡ್ರೋನ್ ಹಾರಿಸಿ, ಬೋನು ಇಟ್ಟು ಹಿಡಿಯಬೇಕಾಯಿತು. ಸತ್ತವರಲ್ಲಿ ಹೆಚ್ಚಿನವರು ಬಡವರ ಮಕ್ಕಳು, ಬಾಗಿಲು ಸರಿಯಿಲ್ಲದ ಮನೆಯವರು. ನನ್ನ ಹೊಲದಲ್ಲಿ ಭತ್ತ ನಾಟಿಗೆ ಬರುವ ಹೆಣ್ಣುಮಕ್ಕಳು ಕೂಸುಗಳನ್ನು ಬದುವಿನ ಮೇಲೆ ಮರದ ನೆರಳಿಗೆ ಮಲಗಿಸುತ್ತಾರೆ. ಎಲ್ಲೋ ಇರುವ ತೋಳವನ್ನು ಇನ್ನೊಂದು ಕಡೆ ಬಿಡಬೇಕು ಅನ್ನುವವರು ಮೊದಲು ಆ ತಾಯಂದಿರ ಹತ್ತಿರ ಬಂದು ಹೇಳಲಿ.

ಇರುವುದನ್ನು ಕೊಲ್ಲಿ ಅಂತ ನಾನು ಹೇಳಲ್ಲ. ಹೊಸದಾಗಿ ತರಬೇಡಿ. ನನ್ನ ಮಾತು ಅಷ್ಟೇ.

ದನದಡಾಕ್ಟರ್ (ನಿವೃತ್ತ), ಕೊಪ್ಪಳ

ಮೂವತ್ತು ವರ್ಷ ಈ ಸೀಮೆಯಲ್ಲಿ ದನ, ಕುರಿ ನೋಡಿದವನು ನಾನು. ಎರಡು ಮಾತು ಸೇರಿಸುತ್ತೇನೆ.

ಬಹರಾಯಿಚ್ ನಡೆದದ್ದು ನಿಜ. ಆ ಭಯವನ್ನು ಯಾರೂ ಹಗುರ ಮಾಡಬಾರದು. ಆದರೆ ತೋಳ ಮನುಷ್ಯನ ಮೇಲೆ ಬೀಳುವುದು ಅಪರೂಪ. ನನ್ನ ಕೆಲಸದ ಅಷ್ಟೂ ವರ್ಷದಲ್ಲಿ ನನ್ನ ಕಿವಿಗೆ ಬಿದ್ದ ದೂರುಗಳೆಲ್ಲ ಕುರಿ, ಮೇಕೆಯದ್ದೇ. ತೋಳ ಕುರಿಗಾಹಿಯ ಕಣ್ಣು ತಪ್ಪಿಸಿ ಬದುಕುವ ಪ್ರಾಣಿ. ಕೂಗಿದರೆ ಓಡುತ್ತದೆ.

ಇನ್ನೊಂದು ಮಾತು ಜಾಸ್ತಿ ಮುಖ್ಯ. ತೋಳ ಬಿತ್ತು ಅಂತ ಕರೆದುಕೊಂಡು ಹೋದ ಎಷ್ಟೋ ಕಡೆ ನಾನು ನೋಡಿದ್ದು ನಾಯಿ ಕಚ್ಚಿದ ಗಾಯ. ತೋಳ ಸಾಮಾನ್ಯವಾಗಿ ಗಂಟಲು ಹಿಡಿಯುತ್ತದೆ, ಒಂದೆರಡನ್ನು ಕೊಂದು ಹೊತ್ತುಕೊಂಡು ಹೋಗುತ್ತದೆ. ನಾಯಿ ಹಾಗಲ್ಲ. ಹಿಂಗಾಲು, ತೊಡೆ, ಬಾಲದ ಬುಡ, ಕಿವಿ, ಸಿಕ್ಕ ಕಡೆ ಕಚ್ಚುತ್ತದೆ. ಹತ್ತು ಹದಿನೈದು ಕುರಿ ಗಾಯ ಮಾಡಿ, ತಿನ್ನದೆ ಬಿಟ್ಟು ಹೋಗುತ್ತದೆ. ಹೆದ್ದಾರಿ ಪಕ್ಕ ಕೋಳಿ ಅಂಗಡಿಯ ಕಸ ಸುರಿಯುತ್ತಾರಲ್ಲ, ಅದನ್ನು ತಿಂದು ಬೆಳೆದ ನಾಯಿಗಳ ಗುಂಪು ಈಗ ಊರ ಹೊರಗೆಲ್ಲ ಇದೆ. ಅವು ಕುರಿಗೂ ಕೇಡು, ತೋಳಕ್ಕೂ ಕೇಡು. ನಾಯಿಯಿಂದ ತೋಳಕ್ಕೆ ರೇಬೀಸ್ ಬರುತ್ತದೆ, ಡಿಸ್ಟೆಂಪರ್ ಅನ್ನುವ ರೋಗ ಬರುತ್ತದೆ. ಪುಣೆ ಹತ್ತಿರ ನಾಯಿ, ತೋಳ ಬೆರೆತು ಹುಟ್ಟಿದ ಮರಿಗಳೂ ಸಿಕ್ಕಿವೆ.

ಹಟ್ಟಿಹುಡುಗ ಅವರೇ, ನಿಮ್ಮ ಮಾವನ ಕುರಿಗೆ ಗಂಟಲು ಹರಿದಿತ್ತು, ಮರಿ ಎತ್ತಿಕೊಂಡು ಹೋದವು ಅಂದಿರಿ. ಅದು ತೋಳದ್ದೇ ಇರಬೇಕು. ಆದರೂ ಮುಂದಿನ ಸಲ ಗಾಯದ ಫೋಟೋ ಹತ್ತಿರದಿಂದ ತೆಗೆದುಕೊಳ್ಳಿ, ಗಂಟಲಿನದು ಒಂದು, ಹಿಂಗಾಲಿನದು ಒಂದು. ನೆಲದ ಮೇಲಿನ ಹೆಜ್ಜೆಯದ್ದೂ ಒಂದು.

ಕಪ್ಪುನೆಲ, ಯಲಬುರ್ಗಾ

ನಮ್ಮದು ಎರೆಹೊಲ. ಹಿಂಗಾರಿಗೆ ಕಡಲೆ, ಬಿಳಿಜೋಳ. ನನ್ನ ವೈರಿ ತೋಳ ಅಲ್ಲ, ಚಿಗರಿ.

ಬೆಂಗಳೂರಿನವರು ಕೃಷ್ಣಮೃಗ ಅಂದರೆ ಕಣ್ಣರಳಿಸುತ್ತಾರೆ. ಐವತ್ತು ಅರವತ್ತು ಚಿಗರಿ ಒಂದು ರಾತ್ರಿ ಕಡಲೆ ಹೊಲದಲ್ಲಿ ಇಳಿದರೆ ಬೆಳಿಗ್ಗೆ ಏನು ಉಳಿದಿರುತ್ತದೆ ಅಂತ ಬಂದು ನೋಡಬೇಕು. ಬೀಜ ಹಾಕಿ ಮೊಳಕೆ ಬಂದ ಮೇಲೆ ಎರಡು ತಿಂಗಳು ನಾನೂ ಹೊಲದಲ್ಲೇ ಮಲಗುತ್ತೇನೆ. ಅವನ್ನು ಮುಟ್ಟುವ ಹಾಗಿಲ್ಲ, ಮುಟ್ಟುವುದೂ ಬೇಡ. ಆದರೆ ಅವನ್ನು ತಿನ್ನುವ ಪ್ರಾಣಿ ಇರಬೇಕಲ್ಲ. ನಮ್ಮಪ್ಪ ಹೇಳುತ್ತಿದ್ದ, ತೋಳ ಓಡಾಡುವ ದಿಣ್ಣೆಯ ಹತ್ತಿರ ಚಿಗರಿ ಒಂದೇ ಕಡೆ ನಿಂತು ಮೇಯುವುದಿಲ್ಲ, ಸುಮ್ನೆ ಸುತ್ತಾಡುತ್ತವೆ ಅಂತ. ಈಗ ನಮ್ಮ ಭಾಗದಲ್ಲಿ ತೋಳ ಕಾಣದೆ ಬಹಳ ವರ್ಷ ಆಯಿತು.

ಇನ್ನೊಂದು ಕಡೆ ನನಗೆ ಕುರಿನೂ ಬೇಕು. ಕೊಯ್ಲು ಆದ ಮೇಲೆ ಕುರಿಗಾರರು ಬಂದು ಹೊಲದಲ್ಲಿ ಹಿಂಡು ನಿಲ್ಲಿಸಿದರೆ ನನ್ನ ನೆಲಕ್ಕೆ ಗೊಬ್ಬರ. ರಾತ್ರಿಗೆ ಇಷ್ಟು ಅಂತ ದುಡ್ಡು ಕೊಡುತ್ತೇನೆ, ಜೋಳ ಕೊಡುತ್ತೇನೆ. ಅಂಗಡಿಯ ಚೀಲದ ಗೊಬ್ಬರ ಅದರ ಮುಂದೆ ಏನೂ ಅಲ್ಲ. ಹಿಂಡಿನವರು ನಮ್ಮ ಕಡೆ ಬರುವುದೇ ಬಿಟ್ಟರೆ ನನಗೆ ನಷ್ಟ.

ಹಾಗಾಗಿ ನನಗೆ ಚಿಗರಿ ತಿನ್ನುವ ತೋಳನೂ ಬೇಕು, ಗೊಬ್ಬರ ಕೊಡುವ ಕುರಿನೂ ಬೇಕು. ಎರಡೂ ಒಂದೇ ದಿಣ್ಣೆಯ ಮೇಲೆ ಬದುಕಬೇಕು. ಆದರೆ ದಿಣ್ಣೆನೇ ಉಳಿದಿಲ್ಲ. ಒಂದು ಕಡೆ ಗಾಳಿಯಂತ್ರದ ಕಂಬ, ಅದಕ್ಕೊಂದು ರಸ್ತೆ. ಇನ್ನೊಂದು ಕಡೆ ಕಲ್ಲಿನ ಕ್ವಾರಿ. ನಡುವೆ ಬೇಲಿ ಹಾಕಿದ ದಾಳಿಂಬೆ ತೋಟ. ಚಿಗರಿ, ಕುರಿ, ನಾಳೆ ತೋಳ ಬಂದರೆ ಅದೂ, ಎಲ್ಲ ನನ್ನ ಕಡಲೆ ಹೊಲದಲ್ಲೇ ಸೇರಬೇಕಾಗಿದೆ.

ಕೌಲ್‌ಬಜಾರ್ ಹುಡುಗ, ಡೆನ್ವರ್

ಬಳ್ಳಾರಿಯವನು, ಒಂಬತ್ತು ವರ್ಷದಿಂದ ಡೆನ್ವರ್‌ನಲ್ಲಿದ್ದೇನೆ. ಕೊಲರಾಡೋ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಹಟ್ಟಿಹುಡುಗ ಅಣ್ಣ ಬರೆದ ಲೆಕ್ಕ ಸರಿ ಇದೆ. 2020ರಲ್ಲಿ ನನಗೆ ಓಟು ಇರಲಿಲ್ಲ. ಇದ್ದಿದ್ದರೆ ಬೇಕು ಅಂತಲೇ ಹಾಕುತ್ತಿದ್ದೆ, ಆಫೀಸಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು. ಆಮೇಲೆ ಏನಾಯಿತು ಹೇಳುತ್ತೇನೆ. ಪಕ್ಕದ ವ್ಯೋಮಿಂಗ್, ಐಡಹೋ, ಮೊಂಟಾನಾ ರಾಜ್ಯಗಳು ತೋಳ ಕೊಡಲ್ಲ ಅಂದವು. ಕೊನೆಗೆ ಒರೆಗಾನ್ ಕೊಟ್ಟಿತು. 2023ರ ಡಿಸೆಂಬರ್‌ನಲ್ಲಿ ಹತ್ತು ತೋಳ ಬಿಟ್ಟರು. 2025ರ ಜನವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಇನ್ನೂ ಹದಿನೈದು. ಒರೆಗಾನ್‌ನಿಂದ ಬಂದವುಗಳಲ್ಲಿ ಕೆಲವು ಅಲ್ಲೇ ದನ ಕೊಂದು ರೂಢಿ ಇದ್ದ ಗುಂಪಿನವು. ಅದು ಹೊರಗೆ ಬಂದಾಗ ದನ ಸಾಕುವವರಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 2024ರ ಬೇಸಿಗೆಯಲ್ಲಿ ಕಾಪರ್ ಕ್ರೀಕ್ ಅನ್ನುವ ಗುಂಪು ಮೇಲಿಂದ ಮೇಲೆ ದನ, ಕುರಿ ಹಿಡಿಯಿತು. ಆ ಗುಂಪನ್ನೇ ವಾಪಸ್ ಹಿಡಿದರು. ತಂದೆ ತೋಳ ಹಿಡಿದ ಮೇಲೆ ಸತ್ತುಹೋಯಿತು, ಅದಕ್ಕೆ ಯಾರೋ ಮೊದಲೇ ಗುಂಡು ಹೊಡೆದಿದ್ದರು. ತಾಯಿ, ಮರಿಗಳನ್ನು ಆಮೇಲೆ ಮತ್ತೆ ಬಿಟ್ಟರು.

ಹೋದ ವರ್ಷ ಕೆಲಸದ ಮೇಲೆ ಆ ಪಶ್ಚಿಮದ ಕಡೆ ಹೋಗಿದ್ದಾಗ ಒಂದು ಚಿಕ್ಕ ಊರಿನ ಹೋಟೆಲಿನಲ್ಲಿ ಒಬ್ಬ ದನ ಸಾಕುವ ಹಿರಿಯರ ಜೊತೆ ಕೂತಿದ್ದೆ. ಡೆನ್ವರ್ ಅಂದ ಕೂಡಲೇ ಮುಖ ಸಣ್ಣದಾಯಿತು. ಆಮೇಲೆ ನಿಧಾನಕ್ಕೆ ಮಾತು ಬಂತು. ಅವರ ದುಃಖ ಸತ್ತ ಕರುಗಳದ್ದು ಅಷ್ಟಿರಲಿಲ್ಲ. ಎಲ್ಲಾ ನಿರ್ಧಾರ ಆದ ಮೇಲೆ ತಮಗೆ ತಿಳಿಸಿದರು, ನಮ್ಮನ್ನು ಯಾರೂ ಕೇಳಲಿಲ್ಲ ಅನ್ನುವುದು. ನಮ್ಮ ಬಳ್ಳಾರಿ ಕಡೆ ಗಣಿಗೆ ಹೊಲ ಹೋದವರೂ ಇದೇ ಮಾತು ಹೇಳುತ್ತಿದ್ದರು. ನನಗೆ ತಕ್ಷಣ ಅದೇ ನೆನಪಾಯಿತು.

ಒಂದು ಮಾತ್ರ ಹೇಳಬೇಕು. ಇಲ್ಲಿ ತೋಳ ಕೊಂದ ಪ್ರಾಣಿಗೆ 15,000 ಡಾಲರ್‌ವರೆಗೆ ಪರಿಹಾರ ಇದೆ. ನಮ್ಮ ರೂಪಾಯಿಯಲ್ಲಿ 12 ಲಕ್ಷಕ್ಕೂ ಜಾಸ್ತಿ. ಕುದುರೆ ಮೇಲೆ ಹೋಗಿ ದನ ಕಾಯುವವರನ್ನು ಸರ್ಕಾರವೇ ಗೊತ್ತು ಮಾಡಿದೆ. ಇಷ್ಟಿದ್ದೂ ಜಗಳ ನಿಂತಿಲ್ಲ.

ಗುಲಗಂಜಿ, ಬೆಂಗಳೂರು

ಅದೇ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1995, 96ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು, ಅದು ಗೆದ್ದಿತು. ಅಲ್ಲಿ ಎಲ್ಕ್ ಜಿಂಕೆ ವಿಪರೀತ ಆಗಿತ್ತು, ಕಡಿಮೆಯಾಯಿತು. ಕಪ್ಪುನೆಲ ಅಣ್ಣ ಚಿಗರಿ ಬಗ್ಗೆ ಹೇಳಿದ್ದು ಅದೇ ಅಲ್ವಾ? ಹಾಗಾದರೆ ಯಲಬುರ್ಗಾ ಕಡೆ ತೋಳ ಬಿಟ್ಟರೆ ಆ ರೈತರಿಗೇ ಒಳ್ಳೆಯದು.

ಹಟ್ಟಿಹುಡುಗ, ಕುಷ್ಟಗಿ ತಾಲ್ಲೂಕು

ಅಕ್ಕಾರೆ, ಯೆಲ್ಲೋಸ್ಟೋನ್ ಬಗ್ಗೆ ನಾನೂ ಓದಿದೆ. ಅದು ಸುಮಾರು ಒಂಬತ್ತು ಸಾವಿರ ಚದರ ಕಿಲೋಮೀಟರ್ ಉದ್ಯಾನ. ಒಳಗೆ ಊರಿಲ್ಲ, ಹೊಲ ಇಲ್ಲ, ಕುರಿ ದಡ್ಡಿ ಇಲ್ಲ. ತೋಳ ಬಂದ ಮೇಲೆ ನದಿಯ ದಿಕ್ಕೇ ಬದಲಾಯಿತು ಅನ್ನುವ ಕತೆಯನ್ನು ಅಲ್ಲಿನ ವಿಜ್ಞಾನಿಗಳೇ ಎಲ್ಲರೂ ಒಪ್ಪುವುದಿಲ್ಲ. ಎಲ್ಕ್ ಕಡಿಮೆ ಆಗಲು ಕರಡಿ, ಬೇಟೆ, ಬರ ಇವೂ ಸೇರಿದ್ದವು.

ಈಗ ನಮ್ಮದು ನೋಡಿ. ಬಂಕಾಪುರ ತೋಳಧಾಮ 332 ಹೆಕ್ಟೇರ್. ಕೇಳಲು ದೊಡ್ಡದು. ಚದರ ಕಿಲೋಮೀಟರ್ ಮಾಡಿದರೆ ಮೂರೂಕಾಲು. ಒಂದು ತೋಳದ ಗುಂಪು ಮೇವಿಗೆ ಸುತ್ತುವುದು ನೂರು, ಇನ್ನೂರು ಚದರ ಕಿಲೋಮೀಟರ್. ಅಂದರೆ ಬಂಕಾಪುರದ ಗುಡ್ಡ, ಗವಿ ಇವೆಲ್ಲ ತೋಳಕ್ಕೆ ಹೆರಿಗೆ ಮನೆ ಇದ್ದಂತೆ. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಬಂತು, ಮಂತ್ರಿಗಳು ಖುಷಿಪಟ್ಟರು, ನಾನೂ ಖುಷಿಪಟ್ಟೆ. ಆದರೆ ಆ ಎಂಟು ಮರಿಗಳ ತಾಯಿ ಊಟ ತರಬೇಕಾದ್ದು ಎಲ್ಲಿಂದ? ಮೊಲ, ಚಿಗರಿ ಸಿಕ್ಕರೆ ಸರಿ. ಸಿಗದಿದ್ದರೆ ನಮ್ಮಂಥವರ ಹಿಂಡಿನಿಂದ. ಕರ್ನಾಟಕದ ತೋಳಗಳನ್ನು ಇಷ್ಟು ವರ್ಷ ಸಾಕಿದ್ದು ಕುರಿಗಾರರ ದಡ್ಡಿ. ನಮ್ಮ ಹಿರಿಯರು ಆ ಪಾಲು ಬಿಡದಿದ್ದರೆ ಈಗ ಕಾಪಾಡಲು ಒಂದು ತೋಳವೂ ಇರುತ್ತಿರಲಿಲ್ಲ. ಅಮೆರಿಕದಲ್ಲಿ ಸರ್ಕಾರವೇ ದುಡ್ಡು ಕೊಟ್ಟು ತೋಳ ಕೊಲ್ಲಿಸಿತು. ನಮ್ಮಲ್ಲಿ ಕುರಿ ಕಾಯುವವನು ಅದರ ಜೊತೆ ಬದುಕಿದ. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ.

ತೋಳ ತರುವುದು ಅಂದರೆ ಪೆಟ್ಟಿಗೆಯಲ್ಲಿ ತೋಳ ತರುವುದು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಯಲಬುರ್ಗಾದ ದಿಣ್ಣೆ ಬಿಟ್ಟುಕೊಡಿ, ಕುಷ್ಟಗಿಯ ಗೋಮಾಳ ಉಳಿಸಿ, ಕುರಿಗಾರರಿಗೆ ಓಡಾಡಲು ದಾರಿ ಬಿಡಿ. ತೋಳ ತಾನಾಗಿ ನಡೆದುಕೊಂಡು ಬರುತ್ತದೆ. ಜರ್ಮನಿಗೆ ಹಾಗೇ ಬಂತು, ಪೋಲೆಂಡ್ ಕಡೆಯಿಂದ ಕಾಲ್ನಡಿಗೆಯಲ್ಲಿ. ಯಾರೂ ಹೊತ್ತು ತರಲಿಲ್ಲ.

ಎಡದಂಡೆ, ಕಾರಟಗಿ

ಜರ್ಮನಿಗೆ ಬಂತು, ಆಮೇಲೆ? 2022ರಲ್ಲಿ ಯುರೋಪಿನ ಒಕ್ಕೂಟದ ಮುಖ್ಯಸ್ಥೆ ಉರ್ಸುಲಾ ಫಾನ್ ಡರ್ ಲೈಯೆನ್ ಅವರ ಸ್ವಂತ ಕುದುರೆಯನ್ನೇ ತೋಳ ತಿಂದಿತು. 2024ರ ಡಿಸೆಂಬರ್‌ನಲ್ಲಿ ಯುರೋಪಿನಲ್ಲಿ ತೋಳದ ರಕ್ಷಣೆಯನ್ನೇ ಒಂದು ಮೆಟ್ಟಿಲು ಇಳಿಸಿದರು. ಅದಕ್ಕೆ ಮೊದಲು ಎಷ್ಟೋ ವರ್ಷ ಹಳ್ಳಿಯ ಕುರಿಯವರು ಬಾಯಿ ಬಡಿದುಕೊಂಡಿದ್ದರು. ಆ ಕುದುರೆಗೂ ಕಾನೂನಿಗೂ ಸಂಬಂಧ ಇದೆಯೋ ಇಲ್ಲವೋ, ಕುರಿಯವರ ಮನಸ್ಸಿಗೆ ಅದು ಹೇಗೆ ಕಂಡಿರಬೇಕು ಯೋಚನೆ ಮಾಡಿ.

ಕೌಲ್‌ಬಜಾರ್ ಹುಡುಗ, ಡೆನ್ವರ್

ಸ್ವಿಟ್ಜರ್ಲೆಂಡ್‌ನಲ್ಲೂ ಇದೇ. 2020ರ ಸೆಪ್ಟೆಂಬರ್‌ನಲ್ಲಿ ತೋಳ ಕೊಲ್ಲುವುದನ್ನು ಸುಲಭ ಮಾಡುವ ಕಾನೂನು ಜನಮತಕ್ಕೆ ಬಂತು. ನೂರಕ್ಕೆ 51.9 ಜನ ಬೇಡ ಅಂದರು. ಕುರಿ ಮೇಯಿಸುವ ಬೆಟ್ಟದ ಪ್ರಾಂತ್ಯಗಳು ಕಾನೂನು ಬೇಕು ಅಂದಿದ್ದವು, ಪಟ್ಟಣಗಳ ಮತ ಅದನ್ನು ಬೀಳಿಸಿತು. ಎರಡು ವರ್ಷದಲ್ಲಿ ಪಾರ್ಲಿಮೆಂಟ್ ಅದೇ ಥರದ ಇನ್ನೊಂದು ಕಾನೂನು ಮಾಡಿತು. ಬಲವಂತವಾಗಿ ಗೆದ್ದ ಮತ ನಿಲ್ಲುವುದಿಲ್ಲ ಅಂತ ನನಗೆ ಅನಿಸುತ್ತದೆ.

ಗುಲಗಂಜಿ, ಬೆಂಗಳೂರು

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮೂರೂಕಾಲು ಚದರ ಕಿಲೋಮೀಟರ್ ಅನ್ನುವ ಮಾತು ನನಗೆ ನಿಜಕ್ಕೂ ತಟ್ಟಿತು. ಬಂಕಾಪುರ ಘೋಷಣೆ ಆಯಿತು, ತೋಳಕ್ಕೊಂದು ಮನೆ ಆಯಿತು ಅಂದುಕೊಂಡಿದ್ದೆ.

ಆದರೆ ಒಂದು ಭಯ ನನಗಿದೆ, ಅದನ್ನೂ ಹೇಳುತ್ತೇನೆ. ಎಲ್ಲ ಜನ ಒಪ್ಪುವವರೆಗೆ ಕಾದರೆ ಕಾಯುವಷ್ಟರಲ್ಲಿ ತೋಳ ಮುಗಿದಿರುತ್ತದೆ. ಮೇಲುಕೋಟೆಯಲ್ಲಿ 1974ರಲ್ಲೇ ತೋಳಕ್ಕಾಗಿ ಅಭಯಾರಣ್ಯ ಮಾಡಿದರು. ಜಾರ್ಖಂಡ್‌ನ ಮಹುವಾಡಾಂಡ್‌ನಲ್ಲಿ 1976ರಲ್ಲಿ. ಐವತ್ತು ವರ್ಷದಲ್ಲಿ ಬಯಲು ಎಷ್ಟು ಕರಗಿತು ನೀವೇ ನೋಡಿದ್ದೀರಿ. ನಗರದವರು ಕೂಗದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಹಟ್ಟಿಹುಡುಗ, ಕುಷ್ಟಗಿ ತಾಲ್ಲೂಕು

ಕೂಗಿ ಅಕ್ಕಾ, ಕೂಗಬೇಡಿ ಅಂದವರು ಯಾರು? ಆದರೆ ಏನಂತ ಕೂಗುತ್ತೀರಿ ಅನ್ನುವುದು ಮುಖ್ಯ. ಮಧ್ಯಪ್ರದೇಶದ ಕೂನೋದಲ್ಲಿ ಸಿಂಹ ತರುತ್ತೇವೆ ಅಂತ 24 ಹಳ್ಳಿ ಎತ್ತಿದರು. ಸಿಂಹ ಬರಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಚೀತಾ ಬಂತು. ಹಳ್ಳಿ ಬಿಟ್ಟವರು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬಿಟ್ಟಿದ್ದರು. ನಗರದ ಕೂಗು ಎಷ್ಟೋ ಸಲ ನಮಗೆ ಕೇಳುವುದು ಹೀಗೆ, ಪ್ರಾಣಿ ಒಳಗೆ, ನೀವು ಹೊರಗೆ.

ಇದರ ಕೊನೆ ಏನಾಗುತ್ತದೆ ಅಂತ ನಮ್ಮ ರಾಜ್ಯದಲ್ಲೇ ನೋಡಿದೆವು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಸತ್ತ ಹಸುವಿಗೆ ವಿಷ ಹಾಕಿದರು. ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತವು. ಮಾಡಿದ್ದು ದೊಡ್ಡ ತಪ್ಪು, ಅದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆದರೆ ಅದರ ಬೆನ್ನಿಗೇ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕು ಅನ್ನುವ ಮಾತು ಮೇಲಿನಿಂದ ಬಂತು. ಮಾಡದ ತಪ್ಪಿಗೆ ಸಾವಿರಾರು ಜನಕ್ಕೆ ಶಿಕ್ಷೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತಾರೆ. ನಮ್ಮ ಕಡೆ ಕುರಿಗಾರನ ಪಾಡೂ ಈಗ ಹಾಗೇ ಆಗಿದೆ. ರೈತನ ಬೇಲಿ, ಇಲಾಖೆಯ ತಂತಿ, ತೋಟದವರ ಬೈಗುಳ, ರಸ್ತೆಯ ಲಾರಿ.

ಈಗ ಪರಿಹಾರದ ಕತೆ ಹೇಳುತ್ತೇನೆ. ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ 5,000 ರೂಪಾಯಿ ಇತ್ತು, 2025ರ ಬಜೆಟ್‌ನಲ್ಲಿ 7,500 ಅಂದರು. ಅಮೀನಗಡ ಸಂತೆಯಲ್ಲಿ ಒಂದು ಒಳ್ಳೆ ಗಬ್ಬದ ಕುರಿ ಆ ದುಡ್ಡಿಗೆ ಸಿಗುವುದಿಲ್ಲ. ಅದೂ ಇರಲಿ. ಮಾವ ಆ ದಿನ ಒಂದು ಕಚೇರಿಗೆ ಹೋದರು. ಸತ್ತ ಕುರಿ ತೋರಿಸಿ ಅಂದರು. ಕುರಿ ಇತ್ತು, ತೋರಿಸಿದರು. ಮರಿ ತೋರಿಸಿ ಅಂದರು. ತೋಳ ಹೊತ್ತುಕೊಂಡು ಹೋದ ಮರಿಯನ್ನು ಎಲ್ಲಿಂದ ತೋರಿಸುವುದು? ಡಾಕ್ಟರ್ ಬಂದು ಕೊಯ್ದು ನೋಡಬೇಕು, ನಾಳೆ ಬನ್ನಿ ಅಂದರು. ನಾಳೆ ಹಿಂಡು ಹತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ, ಅದು ಇನ್ನೊಂದು ತಾಲ್ಲೂಕು, ಅಲ್ಲಿ ಕೇಳಿ ಅನ್ನುತ್ತಾರೆ. ಕುರಿಗಾರ ಒಂದೇ ಕಡೆ ನಿಲ್ಲುವವನಲ್ಲ, ಕಾಗದ ಮಾತ್ರ ಒಂದೇ ಕಡೆ ನಿಂತಿರುತ್ತದೆ. ಮಾವ ವಾಪಸ್ ಬಂದುಬಿಟ್ಟರು. 'ಆ ಬಿಸಿಲಲ್ಲಿ ಅಲ್ಲಿ ಕೂತರೆ ಇಲ್ಲಿ ಇನ್ನೆರಡು ಹೋಗುತ್ತವೆ' ಅಂದರು.

ದನದಡಾಕ್ಟರ್ (ನಿವೃತ್ತ), ಕೊಪ್ಪಳ

ಇದು ನಿಜ. ನಾನೂ ಆ ಕಾಗದ ಬರೆದವನು, ಹಾಗಾಗಿ ಹೇಳುತ್ತೇನೆ. ನಿಯಮ ಮಾಡಿದವರು ದನ ಕೊಟ್ಟಿಗೆಯಲ್ಲಿ ಕಟ್ಟಿರುತ್ತದೆ ಅಂದುಕೊಂಡು ಮಾಡಿದ್ದಾರೆ. ನಡೆಯುವ ಹಿಂಡಿಗೆ ಅದು ಹೊಂದುವುದಿಲ್ಲ. ಸತ್ತ ಕೂಡಲೇ ಇದ್ದ ಜಾಗದಿಂದಲೇ ಫೋಟೋ, ಜಾಗದ ಗುರುತು, ಕಿವಿಯ ಓಲೆ ನಂಬರ್ ಕಳಿಸಿದರೆ ಸಾಕು ಅಂತ ಆದರೆ ಅರ್ಧ ಕೆಲಸ ಮುಗಿಯಿತು. ಹೊತ್ತೊಯ್ದ ಮರಿಗೆ ಪಕ್ಕದ ಹೊಲದ ರೈತನ ಸಾಕ್ಷಿ ಸಾಕಾಗಬೇಕು.

ಕಪ್ಪುನೆಲ, ಯಲಬುರ್ಗಾ

ಸಾಕ್ಷಿ ನಾನು ಹಾಕುತ್ತೇನೆ. ನನ್ನ ಹೊಲದಲ್ಲಿ ಹಿಂಡು ನಿಂತಿದ್ದಾಗ ಹೋದರೆ ಅದು ನನ್ನ ಹೊಣೆಯೂ ಹೌದು. ಹಟ್ಟಿಹುಡುಗ ಅವರೇ, ನಿಮ್ಮ ಮಾವ ಈ ಸಲ ನಮ್ಮ ಕಡೆ ಬರುತ್ತಾರಾ? ಕಡಲೆ ಕಿತ್ತು ಆಯಿತು, ಎಂಟು ಎಕರೆ ಖಾಲಿ ಇದೆ.

ಎಡದಂಡೆ, ಕಾರಟಗಿ

ನನ್ನ ಮಾತು ಬದಲಾಗಿಲ್ಲ, ಹೊಸ ತೋಳ ತಂದು ಬಿಡುವುದು ಬೇಡ. ಆದರೆ ಕುರಿಯವರಿಗೆ ದುಡ್ಡು ಬೇಗ ಸಿಗಬೇಕು ಅನ್ನುವುದಕ್ಕೆ ನನ್ನದೂ ಒಂದು ಸಹಿ. ನಮ್ಮ ಗದ್ದೆ ಕೊಯ್ಲಾದ ಮೇಲೆ ಅವರು ಬರುತ್ತಾರೆ, ಅವರ ಕಷ್ಟ ನನಗೆ ಗೊತ್ತು.

ಗುಲಗಂಜಿ, ಬೆಂಗಳೂರು

ಹಟ್ಟಿಹುಡುಗ ಅಣ್ಣಾ, ನಮ್ಮ ಆಫೀಸಿನಲ್ಲಿ ಕೆಲವರು ಸೇರಿ ಒಂದಿಷ್ಟು ದುಡ್ಡು ಎತ್ತಬಹುದು. ತೋಳದ ಹೆಸರಿನಲ್ಲಿ ಅಲ್ಲ, ದಡ್ಡಿಗೆ ಬಲೆ, ದೀಪ, ಏನು ಬೇಕು ಹೇಳಿ. ಬಲೆ ಎಷ್ಟು ಎತ್ತರ ಇರಬೇಕು? ನನಗೆ ನಿಜಕ್ಕೂ ಗೊತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಹಟ್ಟಿಹುಡುಗ, ಕುಷ್ಟಗಿ ತಾಲ್ಲೂಕು

ಮಾವನನ್ನು ಈಗ ಫೋನಿನಲ್ಲಿ ಕೇಳಿದೆ ಅಕ್ಕಾರೆ. ಎದೆ ಎತ್ತರ ಸಾಕು ಅಂದರು. ಎತ್ತರಕ್ಕಿಂತ ಕೆಳಗೆ ಜಾಸ್ತಿ ನೋಡಬೇಕಂತೆ, ಬಲೆಯ ಬುಡಕ್ಕೆ ಸುತ್ತಲೂ ಕಲ್ಲು ಹೇರಬೇಕು, ಇಲ್ಲದಿದ್ದರೆ ತೋಳ ಕೆಳಗಿನಿಂದ ನುಸುಳುತ್ತದೆ. ಮರಿಗಳಿಗೆ ಒಳಗೆ ಇನ್ನೊಂದು ಸಣ್ಣ ಬಲೆ. ದೀಪ ಎರಡು ದಿನ ಹೆದರಿಸುತ್ತದೆ, ಮೂರನೇ ದಿನ ಅದಕ್ಕೂ ರೂಢಿ. ನಾಯಿ ಎರಡಾದರೂ ಇರಬೇಕು, ಒಂದಾದರೆ ತೋಳ ಅದನ್ನೇ ಹೊಡೆಯುತ್ತದೆ. ನಮ್ಮದು ಒಂದು ಹೋದ ವರ್ಷ ಲಾರಿಗೆ ಸಿಕ್ಕಿತು.

ದುಡ್ಡಿಗಿಂತ ಒಂದು ಕೆಲಸ ಮಾಡಿಕೊಡಿ. ಡಾಕ್ಟರ್ ಸರ್ ಹೇಳಿದರಲ್ಲ, ಗಂಟಲು, ಹಿಂಗಾಲು, ಹೆಜ್ಜೆ ಗುರುತು, ಆ ಫೋಟೋಗಳನ್ನು ಮಾವ ತೆಗೆದು ನಿಮಗೆ ಕಳಿಸುತ್ತಾರೆ. ನೀವು ಅರ್ಜಿ ಬರೆದು, ಯಾವ ತಾಲ್ಲೂಕಿಗೆ ಹೋಗಬೇಕೋ ಅಲ್ಲಿಗೆ ಕಳಿಸಿ, ದಿನಾ ಫೋನ್ ಮಾಡಿ ಹಿಂದೆ ಬೀಳಬೇಕು. ಮಾವನಿಗೆ ಅದು ಆಗುವುದಿಲ್ಲ. ನನಗೆ ಶಾಲೆ ಇರುತ್ತದೆ.

ಕಪ್ಪುನೆಲ ಅಣ್ಣಾರೆ, ಮಾವ ಬರುತ್ತಾರಂತೆ. ಹಿಂಡು ಈಗ ತಾವರಗೇರಾ ಹತ್ತಿರ ಇದೆ, ನಿಮ್ಮ ಹೊಲ ಮುಟ್ಟಲು ಐದಾರು ದಿನ ಬೇಕು. ಹೊಲದ ಹತ್ತಿರ ಕಲ್ಲು ಸಿಗುತ್ತವಾ ಅಂತ ಕೇಳಿದರು.

ಕಪ್ಪುನೆಲ, ಯಲಬುರ್ಗಾ

ಎರೆಹೊಲದಲ್ಲಿ ಕಲ್ಲು ಎಲ್ಲಿ ಬರಬೇಕು. ದಿಣ್ಣೆಯಿಂದ ಟ್ರ್ಯಾಕ್ಟರ್‌ನಲ್ಲಿ ಹಾಕಿಸಿ ಇಟ್ಟಿರುತ್ತೇನೆ.